ಬೀಡಿ ಸೇದುವ ರತ್ನಮ್ಮ

ನಾನು ಆಶಾ ಕಾರ್ಯಕರ್ತೆ; ಬಸುರಿಯರ ವಿವರ ಮೊಬೈಲಿಗೆ ತುಂಬುವುದು ನನ್ನ ಕೆಲಸ. ಮೊಳಕಾಲ್ಮೂರಿನ ಶೆಡ್ಡೊಂದರಲ್ಲಿ ಐದು ತಿಂಗಳ ಬಸುರಿ ರತ್ನಮ್ಮ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದಳು. ಶೇಂಗಾ ಹೊಟ್ಟಿನ ಒಲೆ, ಶೆಡ್ಡಿನ ತುಂಬ ಹೊಗೆ. ಮೊಬೈಲು ಕೇಳಿದ್ದನ್ನೇ ನಾನೂ ಕೇಳಿದೆ: "ಬೀಡಿ, ಸಿಗರೇಟು ಸೇದ್ತೀಯಾ?"

"ಹೌದು ಅಂತ ಒತ್ತಕ್ಕಾ."

"ನೀನ್ಯಾವಾಗ ಸೇದಿದ್ಯೇ?"

"ಒಲೆ ಹೊಗೆ ಕುಡಿತೀಯಾ ಅಂತ ಕೇಳ್ತೈತಾ ಅದು? ಇಲ್ಲ. ದೊಡ್ಡ ಮಗಳು ಹೊಟ್ಟೇಲಿದ್ದಾಗ್ಲೂ ಇದೇ ಒಲೆ ಮುಂದೆ ಕೂತಿದ್ದೆ. ಈಗ ನಾಲ್ಕು ಹೆಜ್ಜೆ ಓಡಿದ್ರೆ ಅವಳಿಗೆ ಉಬ್ಬಸ. ಬಸುರಲ್ಲಿ ಕುಡಿದ ಹೊಗೆ ಕೂಸಿನ ಎದೆಗೂ ತಾಕಿರಬಹುದು ಅಂತ ಡಾಕ್ಟರೇ ಹೇಳವ್ರೆ. ಹೊಗೆ ಕೊಳವೆ ಹಾಕ್ಸು ಅಂದ್ರೆ ಮಾಲೀಕ ನಗ್ತಾನೆ. ಒತ್ತು, ಯಾರಾದ್ರೂ ಬಂದು ಈ ಹೊಗೆ ನೋಡ್ಲಿ."

ಒತ್ತಿದೆ. ವಾರದೊಳಗೆ ಬೀಡಿ ಬಿಡಿಸಲು ಚಳ್ಳಕೆರೆಯಿಂದ ಸಾಹೇಬರೊಬ್ಬರು ಬಂದರು. ಒಲೆ ಪಕ್ಕ ನಿಂತು ಬುದ್ಧಿ ಹೇಳಲು ಬಾಯಿ ತೆರೆದವರಿಗೆ ಕೆಮ್ಮು ಹತ್ತಿಕೊಂಡಿತು, ಕಣ್ಣಲ್ಲೆಲ್ಲ ನೀರು.

ರತ್ನಮ್ಮ ಚೊಂಬು ನೀರು ಕೊಟ್ಟು ಕೇಳಿದಳು: "ನೀವೂ ಸೇದ್ತೀರಾ ಸಾರ್?"

ಆಮೇಲೆ ಸಾಹೇಬರು ನನಗೆ ಮೂರು ಸಲ ಫೋನ್ ಮಾಡಿ, "ಆ ಬೀಡಿ ಉತ್ತರ ತಿದ್ದಮ್ಮ" ಅಂದರು.

"ಒಲೆಗೆ ಕೊಳವೆ ಬರ್ಲಿ ಸಾರ್, ತಿದ್ತೀನಿ" ಅಂದೆ.

ಕೊಳವೆ ಇನ್ನೂ ಬಂದಿಲ್ಲ. ನನ್ನ ಮೊಬೈಲಿನಲ್ಲಿ ರತ್ನಮ್ಮ ಇವತ್ತಿಗೂ ಬೀಡಿ ಸೇದುತ್ತಿದ್ದಾಳೆ.