ಕಬ್ಬಿಟ್ಟ ಗಾಣ

ಕೊಲ್ಹಾಪುರದಲ್ಲಿ ನಮ್ಮ ಓಣಿಯ ತುದಿಗೆ ಕಬ್ಬಿನ ಹಾಲಿನ ಅಂಗಡಿ ಇದೆ. ಮೊನ್ನೆ ಅಲ್ಲಿ ನಿಂತಾಗ ಹಸಿ ಕಬ್ಬು ನುರಿದ ವಾಸನೆ ಮೂಗಿಗೆ ಬಡಿಯಿತು. ಗ್ಲಾಸಿಗೆಂದು ಚಾಚಿದ ಕೈ ಗಪ್ಪನೆ ಹಿಂದಕ್ಕೆ ಬಂತು. ಏನಾಯಿತೆಂದು ಅಂಗಡಿಯವನು ಮರಾಠಿಯಲ್ಲಿ ಕೇಳಿದ. ಕಾಕು ನೆನಪಾಗಿದ್ದರು.

ಕಾಕು ಎಂದರೆ ನಮ್ಮ ಅಪ್ಪನ ತಮ್ಮನ, ಅಂದರೆ ಕಾಕಾ ಅವರ ಹೆಂಡತಿ. ಗಡಹಿಂಗ್ಲಜದ ಹತ್ತಿರ ಅವರದು ಬೆಲ್ಲದ ಗಾಣ. ಹಂಗಾಮಿನ ಮೊದಲ ದಿನ, ನಿಂತ ಗಾಣದ ಉರುಳೆಗಳ ನಡುವೆ ಅರಿಷಿಣ-ಕುಂಕುಮ ಹಚ್ಚಿದ ಕಬ್ಬನ್ನು ಅವರೇ ಇಡಬೇಕು. ಡೀಸೆಲ್ ಎಂಜಿನ್ ಇದ್ದಾಗ ಇದರಿಂದ ತೊಂದರೆ ಇರಲಿಲ್ಲ. ಎಂಜಿನ್ ತನ್ನ ಪಾಡಿಗೆ ಓಡುತ್ತಿತ್ತು, ಪೂಜೆ ಮುಗಿದ ಮೇಲೆ ಪಟ್ಟಾ, ಅಂದರೆ ಬೆಲ್ಟು, ಸರಿಸಿ ಗಾಣಕ್ಕೆ ಜೋಡಿಸುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಕಾಕಾ ಎಂಜಿನ್ ತೆಗೆದು ದೊಡ್ಡ ಮೋಟರ್ ಕೂಡಿಸಿದ್ದರು. ಕರೆಂಟ್ ಹೋದರೆ ಇರಲೆಂದು ಜನರೇಟರ್. ಓಡುವಾಗ ಬೇಡುವುದಕ್ಕಿಂತ ಶುರುವಾಗಿ ಏಳುವಾಗ ಮೋಟರ್ ಹಲವು ಪಟ್ಟು ಕರೆಂಟ್ ಎಳೆಯುತ್ತದೆಂದು ಅವರಿಗೆ ಗೊತ್ತಿತ್ತು. ಲೆಕ್ಕ ಹಾಕಿಯೇ ತಂದಿದ್ದರು. ಹಿಂದಿನ ದಿನ ಖಾಲಿ ಗಾಣ ತಿರುಗಿಸಿಯೂ ನೋಡಿದ್ದರು. ಬಲ್ಬು ಕ್ಷಣ ಕೆಂಪಾಗಿ ಮತ್ತೆ ಬೆಳಗಿತ್ತು. ಪೂಜೆಯ ದಿನ ಗಾಣ ಖಾಲಿ ಇರುವುದಿಲ್ಲ, ಕಬ್ಬಿಟ್ಟ ಗಾಣ ಎಬ್ಬಿಸಲು ಇನ್ನೂ ಹೆಚ್ಚು ಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ.

ನಾನೂ ಹೋಗಿದ್ದೆ. "ಬಾರವ್ವಾ ಮಿಸ್‌ಬಾಯಿ! ಇಂಥಾ ನಾಜೂಕ ಸೀರಿ ಉಟ್ಕೊಂಡ ಗಾಣಕ್ಕ ಬಂದೀದಿ, ಕಾಕಂಬಿ ಹತ್ತಿದ್ರ ನನ್ನ ಬೈಬ್ಯಾಡ," ಎಂದು ಕಾಕು ನಕ್ಕರು. ಕಾನ್ವೆಂಟ್‌ನಲ್ಲಿ ಓದಿದವಳೆಂದು ಅವರು ನನಗಿಟ್ಟ ಹೆಸರದು.

ಅಂದು ಕರೆಂಟ್ ಇರಲಿಲ್ಲ. ಕಾಕು ಕಬ್ಬಿಟ್ಟು ಸರಿದು ನಿಂತರು. ಗಾಣದ ಆಚೆ ಬದಿಯಿಂದ ಕಾಕಾ ಬಟನ್ ಒತ್ತಿದರು. ಜನರೇಟರ್ ನರಳಿತು, ಬಲ್ಬಿನ ಬೆಳಕು ದಾರದಷ್ಟಾಯಿತು. ಗಾಣ ಅಲುಗಲಿಲ್ಲ. ಮೊದಲ ಕಬ್ಬನ್ನು ಗಾಣ ಹಿಡಿಯದಿದ್ದರೆ ಹಂಗಾಮೇ ಕೆಟ್ಟಿತೆಂಬ ಭಯ ಕಾಕುವಿಗೆ. ಮುಂದೆ ಬಂದು ಅಂಗೈಯಿಂದ ಕಬ್ಬನ್ನು ಒಳಗೆ ನೂಕಿದರು. ಕಾಕಾಗೆ ಅದು ಕಾಣಲಿಲ್ಲ. ಮತ್ತೊಮ್ಮೆ ಒತ್ತಿ ಹಿಡಿದರು. ಗಾಣ ಒಂದು ಗೇಣು ತಿರುಗಿತು.

ಬಳೆ ಒಡೆದ ಸದ್ದು... ಅಷ್ಟೇ. ಕಾಕು ಚೀರಲಿಲ್ಲ. "ರೀ, ಬಟನ್ ಬಿಡ್ರಿ," ಎಂದರು, ಒಲೆ ಸಣ್ಣ ಮಾಡಲು ಹೇಳುವಷ್ಟು ಮೆಲ್ಲಗೆ.

"ಯಾಕ? ಈಗರೆ ಹಿಡ್ಯಾಕತ್ತೈತಿ!" ಎಂದರು ಕಾಕಾ, ಖುಷಿಯಿಂದ.

ಆಳುಗಳು ಓಡಿಬಂದು, ಬಟನ್ ಬಿಡಿಸಿ, ಪಟ್ಟಾ ಹಿಡಿದು ಗಾಣವನ್ನು ಹಿಂದಕ್ಕೆ ತಿರುಗಿಸಿದರು. ಕಾಕುವಿನ ಎರಡು ಬೆರಳು ಉಳಿಯಲಿಲ್ಲ. ನನ್ನ ಸೀರೆಯ ಮೇಲೆ ಕಬ್ಬಿನ ಹಾಲಿನ ಹನಿಗಳು, ಅದರಲ್ಲಿ ತಿಳಿಗೆಂಪು. ಆ ಕೆಂಪು ಕಾಣುವ ಮೊದಲು ನನಗೆ ಸಿಹಿ ವಾಸನೆ ಬಂದಿತ್ತು. ಇವತ್ತಿಗೂ ಆ ವಾಸನೆಯನ್ನು ನಂಬಲಾರೆ.

ಆಸ್ಪತ್ರೆಯಲ್ಲಿ ಕಾಕಾ ಗೋಡೆಗೆ ಹಣೆ ಹಚ್ಚಿ ನಿಂತಿದ್ದರು. "ದೊಡ್ಡ ಜನರೇಟರ್ ತರ್ರಿ. ಕಬ್ಬ ಇಡೂದು ನಾ ಬಿಡಾಂಗಿಲ್ಲ," ಎಂದರು ಕಾಕು. ಕಾಕಾ ತಂದರು, ಕಬ್ಬಿಟ್ಟ ಗಾಣವನ್ನೇ ಎಬ್ಬಿಸುವಂಥದ್ದು.

ಹೋದ ಬೇಸಿಗೆಯಲ್ಲಿ ಕಾಕು ತೀರಿಕೊಂಡರು. ಈ ಹಂಗಾಮಿಗೆ ನಾನೂ ಹೋಗಿದ್ದೆ, ಅವರ ಸೊಸೆ ಕಬ್ಬಿಟ್ಟಳು. ಕಾಕಾ ಬಟನ್ ಮೇಲೆ ಬೆರಳಿಟ್ಟು, "ಕೈ ತಗದಿ ಏನ?" ಎಂದು ಕೂಗಿದರು. ಕಾಕುವಿನ ಬೆರಳು ಹೋದ ಮೇಲೆ ಪ್ರತಿ ವರ್ಷ ಹಾಗೆ ಕೇಳುತ್ತಿದ್ದರಂತೆ. ಈಚೆಯಿಂದ ಕಾಕು, "ತಗದೇನಿ, ಒತ್ರಿ," ಅನ್ನುತ್ತಿದ್ದರಂತೆ.

"ತಗದೇನ್ರಿ ಮಾವಾರ," ಎಂದಳು ಸೊಸೆ. ಕೈ ತೆಗೆದಿದ್ದಾಳೆಂದು ನಾವೆಲ್ಲರೂ ಹೇಳಿದೆವು. ಜನರೇಟರ್ ಓಡುತ್ತಲೇ ಇತ್ತು. ಕಾಕಾ ಒತ್ತಲಿಲ್ಲ.