ಹೊಸ ಅಕ್ಕಿ ಊಟಕ್ಕೆ ಎಷ್ಟು ಪದಾರ್ಥ

ಹೊಸ ಅಕ್ಕಿ ಊಟಕ್ಕೆ ಒಂಬತ್ತು ಬಗೆ ಪದಾರ್ಥ ಆಗಬೇಕು ಎಂದು ಮೈದುನ ಮನೆಯ ವಾಟ್ಸಾಪ್ ಗುಂಪಿನಲ್ಲಿ ಬರೆದದ್ದು ನೋಡಿ ನನಗೆ ಪಿತ್ತ ನೆತ್ತಿಗೇರಿತು. ಹರಿವೆ ಪಲ್ಯ, ಗೇರುಬೀಜ ಹಾಕಿದ ತೊಂಡೆಕಾಯಿ, ಹಾಗಲಕಾಯಿ ಮೆಣಸ್ಕಾಯಿ, ಪತ್ರೊಡೆ, ಇನ್ನೂ ಏನೇನೋ. ಮೂಡುಬಿದಿರೆಯಲ್ಲಿ ಅಂಗಡಿ ಇಟ್ಟಿರುವ ಈ ಮನುಷ್ಯ ಜನ್ಮದಲ್ಲಿ ಒಂದು ತೆಂಗಿನಕಾಯಿ ತುರಿದವನಲ್ಲ.

ಅಳದಂಗಡಿಯ ಗಂಡನ ಮನೆಯಲ್ಲಿ ಈಗ ಉಳಿದಿರುವುದು ಒಂದೇ ಗದ್ದೆ, ಬಾಕಿ ಎಲ್ಲ ರಬ್ಬರು. ಆದರೂ ಪೈರು ಬಂದಾಗ ಎಲ್ಲರೂ ಸೇರಿ, ಭೂಮಿಗೆ ಕೈಮುಗಿದು, ಮೊದಲ ಅಕ್ಕಿಯ ಅನ್ನ ಉಣ್ಣುವ ಪದ್ಧತಿ ಬಿಟ್ಟಿಲ್ಲ. ಎಲ್ಲರೂ ಎಂದರೆ ಗಂಡಸರು, ಮಕ್ಕಳು, ನೆಂಟರು. ಪದಾರ್ಥ ಹೆಚ್ಚಾದಷ್ಟೂ ಬಡಿಸುವ ಕೈಗಳು ಹೆಚ್ಚು ಬೇಕು. ಅಡುಗೆಮನೆಯ ಹೆಂಗಸರು ಎಲೆಯ ಮುಂದೆ ಕೂರುವಾಗ ಅನ್ನ ತಣಿದು ಮುದ್ದೆಯಾಗಿರುತ್ತದೆ. ಮದುವೆಯಾಗಿ ಬಂದಮೇಲೆ ಹೊಸ ಅಕ್ಕಿಯ ಬಿಸಿ ಅನ್ನವನ್ನು ನಾನು ಒಮ್ಮೆಯೂ ಉಂಡಿರಲಿಲ್ಲ. ಈ ವರ್ಷ ನನಗೆ ಬೇಕಿದ್ದದ್ದು ಅಷ್ಟೇ, ಎಲ್ಲರ ಜೊತೆ ಕೂತು ಒಂದು ತುತ್ತು ಬಿಸಿ ಅನ್ನ.

ಮೂರೇ ಪದಾರ್ಥ ಸಾಕು, ಒಟ್ಟಿಗೆ ಕೂತು ಉಣ್ಣುವ ಎಂದು ಬರೆದೆ.

"ಮೂರಾ? ಜನ ಏನು ಹೇಳ್ತಾರೆ ಅತ್ತಿಗೆ? ಇದು ನಿಮ್ಮ ಮೆಲ್ಕಾರಿನ ಫ್ಲಾಟಿನ ಊಟ ಅಲ್ಲ ಮಾರಾಯ್ರೆ" ಎಂದು ಉತ್ತರ ಬಂತು. ಅದಕ್ಕೆ ನನ್ನ ಗಂಡ ಹೆಬ್ಬೆರಳು ಎತ್ತಿದ ಚಿತ್ರ ಒತ್ತಿದ. ನನ್ನ ಪಕ್ಕದ ಕೋಣೆಯಲ್ಲೇ ಕೂತು!

ಅತ್ತೆಗಾದರೂ ಅರ್ಥವಾದೀತು ಎಂದು ಫೋನ್ ಮಾಡಿದೆ.

"ಒಂಬತ್ತೇ ಇರ್ಲಿ. ನಾವು ಮಾಡ್ಲಿಲ್ವಾ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂದರು.

"ನಿಮ್ಮ ಕಾಲ ಯಾವಾಗ ಬಂತು ಅತ್ತೆ?" ಎಂದು ಕೇಳಿದೆ. ಅವರು ಫೋನ್ ಇಟ್ಟುಬಿಟ್ಟರು.

ಊಟದ ದಿನ ನಾನು ಹರಿವೆ ಪಲ್ಯ, ಸೌತೆಕಾಯಿ ಹುಳಿ, ಅಂಬಟೆಯ ಗೊಜ್ಜು ಮಾಡಿ ಕೈ ತೊಳೆದುಕೊಂಡೆ. ಮೈದುನ ಬಾಗಿಲಿಗೆ ಬಂದು, "ಉಳಿದದ್ದು ಎಲ್ಲಿ?" ಎಂದ.

"ಉಳಿದದ್ದು ನೀನು ಮಾಡು. ಕತ್ತಿ ಅಲ್ಲಿ ಉಂಟು, ಕಾಯಿ ಇಲ್ಲಿ ಉಂಟು."

ಮನೆಯ ಮರ್ಯಾದೆ ಹೋಯಿತು ಎಂದು ಅವನು ಕೂಗಾಡಿದ. ಹೆಂಗಸರ ಬೆನ್ನು ಮುರಿದರೆ ಹೋಗದ ಮರ್ಯಾದೆ, ಆರು ಪದಾರ್ಥ ಕಡಿಮೆಯಾದರೆ ಹೋಗುತ್ತದಂತೆ. ಚಾವಡಿಯಲ್ಲಿ ಮನೆಮಂದಿಗೆಲ್ಲ ಎಲೆ ಹಾಕಿ, ಅನ್ನದ ಪಾತ್ರೆಯನ್ನು ನಡುವೆ ತಂದಿಟ್ಟು, ಅತ್ತೆಯ ಕೈಹಿಡಿದು ಕೂರಿಸಿ, ನಾನೂ ಕೂತೆ.

"ಬಡಿಸುವವರು ಯಾರು?" ಅತ್ತೆ ಗಾಬರಿಯಲ್ಲಿ ಏಳಲು ಹೊರಟರು.

"ಕೈ ಎಲ್ಲರಿಗೂ ಉಂಟು" ಎಂದೆ. ಕೊನೆಗೆ ನನ್ನ ಗಂಡ ನನ್ನ ಮುಖ ನೋಡಿ ಸೌಟು ಎತ್ತಿಕೊಂಡ.

ತುತ್ತು ಬಾಯಿಗಿಡುವ ಮೊದಲು "ಹೊಸತು ಉಣ್ತೇನೆ" ಎಂದು ಹಿರಿಯರನ್ನು ಕೇಳಬೇಕು, ಅವರು "ಉಣ್ಣು" ಎನ್ನಬೇಕು. ನಮ್ಮಲ್ಲಿ ಹಿರಿಯರೆಂದರೆ ಅತ್ತೆ. ಪ್ರತಿ ವರ್ಷ ಗಂಡುಮಕ್ಕಳು ಚಾವಡಿಯಿಂದಲೇ ಅಡುಗೆಮನೆಯ ಕಡೆಗೆ ಕೂಗಿ ಕೇಳುತ್ತಿದ್ದರು, ಉತ್ತರ ಬರುವ ಮೊದಲೇ ಉಣ್ಣುತ್ತಿದ್ದರು. ಈ ಸಲ ಮುಖ ನೋಡಿ ಕೇಳಬೇಕಾಯಿತು. ಅತ್ತೆ ತಲೆ ತಗ್ಗಿಸಿಕೊಂಡೇ ಒಬ್ಬೊಬ್ಬರಿಗೂ "ಉಣ್ಣು" ಎಂದರು.

ಆಮೇಲೆ ಅವರು ಹಬೆಯಾಡುವ ಅನ್ನವನ್ನು ಬಾಯಿಗೆ ಹಾಕಿಕೊಂಡರು. ಪದಾರ್ಥ ಮುಟ್ಟಲೇ ಇಲ್ಲ.

"ತಾಯಿ ಮನೆಯಲ್ಲಿ ತಿಂದದ್ದೇ ಕೊನೆ" ಎಂದರು. "ಬಿಸಿಯಲ್ಲಿ ಇದು ಇಷ್ಟು ಸಿಹಿ ಅಂತ ಮರ್ತೇ ಹೋಗಿತ್ತು ನನಗೆ."

ಈ ಮನೆಯ ಹೊಸ ಅಕ್ಕಿ ಬೇಯಿಸುತ್ತಲೇ ಮುದುಕಿಯಾದ ಹೆಂಗಸು ಹೇಳಿದ ಮಾತು ಇದು. ಅಲ್ಲಿಯವರೆಗೆ ನನಗೆ ಇದ್ದದ್ದು ನನ್ನೊಬ್ಬಳ ಸಿಟ್ಟು. ಈಗ ಅತ್ತೆಯದೂ ಸೇರಿತು. ಬಯಸಿದ ಅನ್ನವನ್ನು ಎಲೆಯಲ್ಲೇ ಬಿಟ್ಟು ತಲೆ ಎತ್ತಿದೆ.

"ಕೇಳಿತಾ?" ಎಂದೆ ಮೈದುನನಿಗೆ.