ದ್ರಾಕ್ಷಾಯಿಣಿ ಅಕ್ಕ ಕೇಳದ ಸಾಲು

ಬ್ಯಾಡಗಿಯ ದ್ರಾಕ್ಷಾಯಿಣಿ ಅಕ್ಕನ ಬಗ್ಗೆ ಯಾರಾದರೂ ಕೇಳಿದರೆ, ಟೈಪಿಂಗಿನಲ್ಲಿ ಆಕೆಯನ್ನು ಮೀರಿಸುವವರು ಸುತ್ತಲಿನ ಮೂರು ತಾಲೂಕುಗಳಲ್ಲಿ ಇಲ್ಲ ಎಂದು ಹೇಳಿ ಮಾತು ಮುಗಿಸಿಬಿಡುತ್ತೇನೆ. ಉಳಿದದ್ದನ್ನು ಹೇಳಲು ನನಗೆ ಬಾಯಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆರನೇ ವಯಸ್ಸಿಗೆ ಅಕ್ಕನ ಕಣ್ಣು ಹೋದವು. ತಾಯಿ ಮುತ್ತವ್ವ ಮೆಣಸಿನಕಾಯಿ ತೊಟ್ಟು ಬಿಡಿಸಿ ಮಗಳನ್ನು ಬಿ.ಎ.ವರೆಗೆ ಓದಿಸಿದಳು. ನಾನು ಫಕ್ಕೀರೇಶ, ರಾಣೆಬೆನ್ನೂರಿನಲ್ಲಿ ಎಂಟು ಕಂಪ್ಯೂಟರಿನ ಕ್ಲಾಸು ನಡೆಸುವವನು. ಐದು ವರ್ಷದ ಹಿಂದೆ ಅಕ್ಕ ನನ್ನ ಕ್ಲಾಸಿಗೆ ಬಂದು ಇಂಟರ್ನೆಟ್ಟು ಕಲಿಸು ಎಂದಳು. ಪುಟ ಓದಿ ಹೇಳುವ ಸಾಫ್ಟ್‌ವೇರ್ ಹಾಕಿಕೊಟ್ಟೆ. ಅದು ‘ಲಿಂಕ್, ಲಿಂಕ್, ಚಿತ್ರ, ಲಿಂಕ್’ ಎನ್ನುತ್ತಲೇ ಕಾಲು ಗಂಟೆ ಕಳೆಯಿತು.

“ತಮ್ಮಾ, ಇದರಾಗ ಸುದ್ದಿ ಎಲ್ಲೈತಿ? ಬರೇ ಬಾಗಿಲಾ ತೋರ್ಸಾಕತ್ತೈತಿ, ಒಳಗ ಕರಿಯಾಕ ಒಲ್ಲದು,” ಎಂದಳು.

ಅವತ್ತೇ ನನಗೆ ಹುಚ್ಚು ಹಿಡಿಯಿತು. ಚಿತ್ರ, ಬಣ್ಣ, ಜಾಹೀರಾತು ಎಲ್ಲ ತೆಗೆದು ಬರೀ ಅಕ್ಷರಗಳನ್ನು ಒಂದೊಂದೇ ಸಾಲಾಗಿ ಕನ್ನಡದಲ್ಲಿ ಓದುವ ಬ್ರೌಸರ್ ಮಾಡುತ್ತೇನೆ ಎಂದೆ. ಅಕ್ಕ ತಡಕಾಡಿ ನನ್ನ ಮಾನಿಟರಿನ ಗುಂಡಿ ಒತ್ತಿ ಆರಿಸಿದಳು.

“ಈಗ ಏನ್ ಕಾಣತೈತಿ?”

“ಏನೂ ಇಲ್ಲಕ್ಕಾ.”

“ಹಂಗಾರ ಈಗ ಮಾಡು.”

ಪ್ರತಿ ಭಾನುವಾರ ಪ್ಯಾಸೆಂಜರ್ ರೈಲು ಹತ್ತಿ ಬರುತ್ತಿದ್ದಳು. ಯಾವುದು ಮೊದಲು ಓದಬೇಕು, ಯಾವ ಕೀಲಿ ಒತ್ತಿದರೆ ಹಿಂದಕ್ಕೆ ಹೋಗಬೇಕು, ಎಲ್ಲಾ ಆಕೆ ಹೇಳಿದಂತೆ. ಹಾಕಿದ ಷರತ್ತು ಒಂದೇ. “ಏನರೆ ತೆಗೀತಿ ಅಂದ್ರ ನನಗ ಹೇಳಿ ತೆಗಿ. ನನಗ ಬ್ಯಾಡಾದ್ದು ಯಾವುದಂತ ನಾ ಹೇಳ್ತೇನಿ.” ನಾನು ತಲೆಯಾಡಿಸಿದೆ. ಆಮೇಲೆ ನೆನಪಾಗಿ “ಆತಕ್ಕಾ” ಎಂದೆ.

ಸರ್ಕಾರಿ ಪುಟಗಳ ನೆತ್ತಿಯ ಮೇಲೆ ಕೆಂಪು ಅಕ್ಷರದ ಸಾಲೊಂದು ಸದಾ ಓಡುತ್ತಿರುತ್ತದೆಯಲ್ಲ, ಅದು ನನ್ನ ಪ್ರಾಣ ತಿಂದಿತು. ಸಾಲು ಸರಿದಾಗಲೆಲ್ಲ ಬ್ರೌಸರ್ ಬೇರೆಲ್ಲ ಬಿಟ್ಟು ಅದನ್ನೇ ಮತ್ತೆ ಮೊದಲಿನಿಂದ ಓದುತ್ತಿತ್ತು. ಮೂರು ದಿನ ಗುದ್ದಾಡಿದೆ. ನಾಲ್ಕನೇ ದಿನ, ಇದರಲ್ಲಿ ಹಬ್ಬದ ಶುಭಾಶಯ ಬಿಟ್ಟು ಏನಿರುತ್ತದೆ, ಕಸ, ಎಂದು ಪೂರಾ ತೆಗೆದುಹಾಕಿದೆ. ಭಾನುವಾರ ಅಕ್ಕ ಬಂದಳು. ನಾನು ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ನನ್ನ ಕೈಲಿ ಆಗಲಿಲ್ಲ ಎನ್ನಲು ನಾಚಿಕೆಯಾಯಿತು, ಅಷ್ಟೇ.

ಎರಡು ವರ್ಷದ ನಂತರ ಒಂದು ಇಲಾಖೆಯ ಟೈಪಿಸ್ಟ್ ಕೆಲಸಕ್ಕೆ ಅಕ್ಕ ನಮ್ಮ ಬ್ರೌಸರಿನಲ್ಲೇ ಅರ್ಜಿ ಹಾಕಿ, ಪರೀಕ್ಷೆ ಬರೆದು, ಪಾಸಾದಳು. ವಯಸ್ಸಿನ ಮಿತಿಗೆ ಅದೇ ಕೊನೆಯ ವರ್ಷ. ದಾಖಲೆ ಪರಿಶೀಲನೆಯ ತಾರೀಖು ವೆಬ್‌ಸೈಟಿನಲ್ಲಿ ಬರುತ್ತದೆ ಎಂದಿದ್ದರು. ದಿನಾ ಮುಂಜಾನೆ ಚಹಾಕ್ಕೂ ಮೊದಲು ಆ ಪುಟ ಕೇಳುತ್ತಿದ್ದಳು. ತಿಂಗಳಾದರೂ ಸುದ್ದಿಯಿಲ್ಲವೆಂದು ನನ್ನನ್ನು ಕರೆದುಕೊಂಡು ಹಾವೇರಿಯ ಕಚೇರಿಗೆ ಹೋದಳು.

“ಹದಿನಾಲ್ಕಕ್ಕ ಮುಗದೈತಲ್ರಿ. ನೀವು ಬರಲಿಲ್ಲ, ಮುಂದಿನ ಹೆಸರಿನವರಿಗೆ ಹೋತು,” ಎಂದ ಗುಮಾಸ್ತ. “ವೆಬ್‌ಸೈಟಿನಾಗ ಹಾಕಿದ್ವಿ. ನೋಡಬೇಕಾಗಿತ್ತು.”

“ದಿನಾ ಕೇಳೇನ್ರಿ. ನಮ್ಮ ತಮ್ಮ ಮಾಡಿದ್ದು ಅದು, ಒಂದ ಸಾಲು ಬಿಡೂದಿಲ್ಲ,” ಎಂದಳು ಅಕ್ಕ.

ಗುಮಾಸ್ತ ತನ್ನ ಮಾನಿಟರನ್ನು ನನ್ನ ಕಡೆ ತಿರುಗಿಸಿದ. ಪುಟದ ಮೇಲೆ ಕೆಂಪು ಸಾಲು ಓಡುತ್ತಿತ್ತು. ತಾರೀಖು ಅದರಲ್ಲಿತ್ತು, ಮತ್ತೆಲ್ಲೂ ಇರಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಅಕ್ಕ, “ನಾನ ತಪ್ಪಿಸಿರಬೇಕು ತಮ್ಮಾ. ನಡುವ ಎರಡು ದಿನ ಜ್ವರ ಬಂದಿದ್ವು. ಗಡಿಬಿಡಿಯಾಗ ಕೇಳಿರಬೇಕು,” ಎಂದಳು.

“ಇರಬಹುದಕ್ಕಾ,” ಎಂದೆ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವನು ನಾನು, ಉಂಡವಳು ಅಕ್ಕ. ಸಾಲು ತೆಗೆದ ತಪ್ಪಿಗಾದರೂ ಸಬೂಬು ಹುಡುಕಿಯೇನು. ‘ಇರಬಹುದಕ್ಕಾ’ ಎಂದ ನಾಲಿಗೆಗೆ ಯಾವ ಸಬೂಬೂ ಇಲ್ಲ.

ಊಟ ಸೇರದೆ ಹತ್ತು ದಿನ ಕೂತು, ಓಡುವ ಸಾಲನ್ನು ಪುಟದ ಆರಂಭದಲ್ಲಿ ಒಂದೇ ಸಲ ಓದುವಂತೆ ಸರಿಮಾಡಿದೆ. ಆಗ ಅದು ಸಾಧ್ಯವಾಯಿತು, ನೋಡಿ. ಬ್ಯಾಡಗಿಗೆ ಹೋಗಿ ಅಕ್ಕನ ಕಂಪ್ಯೂಟರಿಗೆ ಸದ್ದಿಲ್ಲದೆ ಹಾಕಿ, ಎಲ್ಲ ಪುಟ ಸ್ವಲ್ಪ ಚುರುಕಾಗಿವೆ ಎಂದೆ. ಅಕ್ಕ ರೂಢಿಯಂತೆ ಅದೇ ಇಲಾಖೆಯ ಪುಟ ತೆರೆದಳು. ಸರ್ಕಾರಿ ಪುಟದಲ್ಲಿ ಹಳೆಯ ಸೂಚನೆಯನ್ನು ಯಾರು ತೆಗೆಯುತ್ತಾರೆ? “ದಾಖಲೆ ಪರಿಶೀಲನೆ ಹದಿನಾಲ್ಕನೇ ತಾರೀಖು. ಆಯ್ಕೆಯಾದವರು ತಪ್ಪದೆ ಹಾಜರಿರಬೇಕು,” ಎಂದು ಯಂತ್ರ ಓದಿತು. ಅಕ್ಕ ಇನ್ನೊಮ್ಮೆ ಓದಿಸಿದಳು.

“ಇದು ಮೊದಲ ಇತ್ತೇನು?”

“ಇತ್ತಕ್ಕಾ. ನಾನ ತೆಗೆದಿದ್ದೆ. ನಿಮಗ ಹೇಳಲಿಲ್ಲ.”

“ರೈಲಿನಾಗ ಗೊತ್ತಿತ್ತೇನು?”

“ಗೊತ್ತಿತ್ತು.”

ಹೊರಗೆ ಮುತ್ತವ್ವ ಮೆಣಸಿನಕಾಯಿ ಘಾಟಿಗೆ ಸೀನುತ್ತಿದ್ದಳು. ಅಕ್ಕ ಬೈಯಲಿಲ್ಲ. ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ.

“ಹೇಳಿದ್ರ ಬಾಜೂ ಮನಿಯವರ ಕಡೆ ಆ ಸಾಲಷ್ಟ ಓದಿಸಿ ಕೇಳತಿದ್ದೆ,” ಎಂದಳು.

ಈಗ ನಮ್ಮ ಬ್ರೌಸರ್ ಯಾವ ಪುಟ ತೆರೆದರೂ ಮೊದಲು ತಾನು ಏನೇನು ಬಿಟ್ಟಿದ್ದೇನೆ ಎಂದು ಹೇಳಿಯೇ ಮುಂದೆ ಹೋಗುತ್ತದೆ. ಅದನ್ನು ಪರೀಕ್ಷೆ ಮಾಡಿದವಳೂ ಅಕ್ಕನೇ. ಭಾನುವಾರ ತಪ್ಪಿಸಲಿಲ್ಲ. ಮಾನಿಟರ್ ಆರಿಸಿ ನನ್ನ ಪಕ್ಕದಲ್ಲಿ ಕೂತು, ಮೊದಲಿನಷ್ಟೇ ನಿಗಾ ವಹಿಸಿ ಪ್ರತಿ ಸಾಲು ಕೇಳಿದಳು. ಮುಗಿದ ಮೇಲೆ ಕೋಲು ತೆಗೆದುಕೊಂಡು ಎದ್ದಳು.

“ಛಲೋ ಆಗೇತ್ರಿ ಸರ,” ಎಂದಳು. ಅವತ್ತಿನಿಂದ ತಮ್ಮಾ ಎಂದು ಕರೆದಿಲ್ಲ.